ಹೊಲದ ನೋಟ ಯಾರ ಸ್ವತ್ತು?

1882ರಲ್ಲಿ ಮೈಸೂರಿನ ಹತ್ತನೇ ಚಾಮರಾಜೇಂದ್ರ ಒಡೆಯರು ಬೆಂಗಳೂರಿನ ಪೂರ್ವದಿಕ್ಕಿನಲ್ಲಿ 3,900 ಎಕರೆ ಭೂಮಿಯನ್ನು ಯುರೇಷಿಯನ್ ಮತ್ತು ಆಂಗ್ಲೋ–ಇಂಡಿಯನ್ ಸಂಘಕ್ಕೆ ಮಂಜೂರು ಮಾಡಿದರು. ಅಲ್ಲಿ ಹುಟ್ಟಿದ ಊರೇ ವೈಟ್‌ಫೀಲ್ಡ್. 21 ವರ್ಷಗಳ ಬಳಿಕ, 1903ರಲ್ಲಿ, ಲಂಡನ್ನಿನ ಉತ್ತರಕ್ಕಿರುವ ಹರ್ಟ್‌ಫರ್ಡ್‌ಶೈರ್‌ನಲ್ಲಿ ಒಂದು ಕಂಪನಿ 3,818 ಎಕರೆ ಕೊಂಡಿತು. ಅಲ್ಲಿ ಹುಟ್ಟಿದ್ದು ಲೆಚ್‌ವರ್ತ್. ಎರಡೂ ಕಡೆ ಜಮೀನು ಹೆಚ್ಚುಕಡಿಮೆ ಅಷ್ಟೇ, ಆಸೆಯೂ ಹೆಚ್ಚುಕಡಿಮೆ ಒಂದೇ: ಕೈತೋಟವಿರುವ ಮನೆ, ಮನೆಯಾಚೆ ಹೊಲ, ಬೇಕೆಂದಾಗ ಪೇಟೆಗೆ ಕರೆದೊಯ್ಯಲು ಹತ್ತಿರದಲ್ಲೇ ರೈಲು. ಲೆಚ್‌ವರ್ತ್ ಇವತ್ತಿಗೂ ಮೂವತ್ತು ಸಾವಿರ ಚಿಲ್ಲರೆ ಜನರ, ಸುತ್ತ ಹೊಲಗಳಿರುವ ಊರು. ವೈಟ್‌ಫೀಲ್ಡ್ ಏನಾಗಿದೆ ಎಂಬುದನ್ನು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದು ಉಳಿದು ಇನ್ನೊಂದು ಕರಗಿದ್ದೇಕೆ? ಅಲ್ಲಿಯವರು ಶಿಸ್ತಿನವರು, ನಾವು ಅಶಿಸ್ತಿನವರು ಎಂಬ ಉತ್ತರ ಸುಲಭವಾದದ್ದು, ಆದರೆ ತಪ್ಪು. ಅರ್ಧ ಹಳ್ಳಿ, ಅರ್ಧ ಪೇಟೆಯಾಗಿರುವ ಬಡಾವಣೆ ತಾನಾಗಿ ಉಳಿಯುವ ಸ್ಥಿತಿಯಲ್ಲ, ಅದು ಒಂದು ಏರ್ಪಾಡು. ಬಡಾವಣೆಯ ಹೊರಗಿನ ಜಮೀನು ಯಾರ ಕೈಯಲ್ಲಿದೆ, ಆ ಜಮೀನಿನ ಬೆಲೆ ಏರಿದಾಗ ಏರಿಕೆಯ ಹಣ ಯಾರ ಜೇಬಿಗೆ ಹೋಗುತ್ತದೆ ಎಂಬ ಎರಡು ಪ್ರಶ್ನೆಗಳೇ ಅದರ ಆಯುಸ್ಸನ್ನು ನಿರ್ಧರಿಸುತ್ತವೆ.

ಪೇಟೆಯ ಗದ್ದಲದಿಂದ ದೂರ ಇರಬೇಕು, ಆದರೆ ಪೇಟೆಯ ಸಂಬಂಧ ಕಡಿಯಬಾರದು ಎಂಬ ಆಸೆ ಬಹಳ ಹಳೆಯದು. ಪ್ರಾಚೀನ ರೋಮಿನ ಸಿರಿವಂತರು ನಗರದ ಹೊರಗೆ ತೋಟದ ಮನೆ ಇಟ್ಟುಕೊಂಡಿದ್ದರು. ಬೆಂಗಳೂರು ದಂಡಿನ ಅಧಿಕಾರಿಗಳು ಎಕರೆಗಟ್ಟಲೆ ಕಾಂಪೌಂಡಿನ ನಡುವೆ ಬಂಗಲೆ ಕಟ್ಟಿಕೊಂಡರು. ಕುದುರೆ ಸಾರೋಟು ಇದ್ದವರಿಗೆ ಮಾತ್ರ ದಕ್ಕುತ್ತಿದ್ದ ಈ ಸುಖ ನಡುವರ್ಗಕ್ಕೆ ಎಟುಕಿದ್ದು ರೈಲು ಬಂದ ಮೇಲೆ. 1869ರ ಹೊತ್ತಿಗೆ ಅಮೆರಿಕದ ಭೂವಿನ್ಯಾಸಕಾರ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಮತ್ತು ಅವನ ಜೊತೆಗಾರ ಕ್ಯಾಲ್ವರ್ಟ್ ವಾಕ್ಸ್ ಶಿಕಾಗೊ ಹೊರವಲಯದಲ್ಲಿ, ರೈಲು ಮಾರ್ಗದ ಪಕ್ಕದಲ್ಲೇ, ರಿವರ್‌ಸೈಡ್ ಎಂಬ ಹಸಿರು ಬಡಾವಣೆಯ ನಕ್ಷೆ ಹಾಕಿದ್ದರು. ಬೆಂಗಳೂರು–ಜೋಲಾರಪೇಟೆ ರೈಲು 1864ರಲ್ಲೇ ಓಡತೊಡಗಿದ್ದರಿಂದ ಬೆಂಗಳೂರಿನಿಂದ ದೂರವಿದ್ದ ವೈಟ್‌ಫೀಲ್ಡ್‌ನಲ್ಲಿ ನೆಲೆಸುವ ಮಾತನ್ನು ಆಡುವುದು ಸಾಧ್ಯವಾಯಿತು. ನಮ್ಮಲ್ಲಿ ಇನ್ನೊಂದು ಕಾರಣವೂ ಸೇರಿಕೊಂಡಿತು, ಅದು ಭಯ. 1898ರಲ್ಲಿ ಪ್ಲೇಗ್ ಬಂದಾಗ ಒತ್ತೊತ್ತಾಗಿ ಮನೆಗಳಿದ್ದ ಹಳೇಪೇಟೆ ತತ್ತರಿಸಿತು. ಗಾಳಿ ಬೆಳಕು ಆಡುವ ಅಗಲ ರಸ್ತೆಗಳ ಬಸವನಗುಡಿ, ಮಲ್ಲೇಶ್ವರಗಳಿಗೆ ಜನ ಹೋಗಿ ನೆಲೆಸಿದ್ದು ಅದರ ನಂತರ. ಇಂದು ನಗರದ ನಟ್ಟನಡುವೆ ಇರುವ ಈ ಬಡಾವಣೆಗಳು ಅಂದು ಊರಾಚೆಯ ಜಾಗಗಳು.

ಈ ಸೆಳೆತವನ್ನು ಬರೀ ಹಳ್ಳಿಯ ಹಂಬಲ ಎಂದು ತಳ್ಳಿಹಾಕುವುದು ಸರಿಯಲ್ಲ. ಅದಕ್ಕೆ ದೇಹದ ಮಟ್ಟದ ಕಾರಣಗಳಿವೆ. ರೋಜರ್ ಉಲ್ರಿಚ್ ಎಂಬ ಸಂಶೋಧಕ 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದ. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದವರನ್ನು ಹೋಲಿಸಿ ನೋಡಿದಾಗ, ಕಿಟಕಿಯಾಚೆ ಮರಗಳು ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು, ತೀವ್ರ ನೋವು ನಿವಾರಕಗಳನ್ನೂ ಕಡಿಮೆ ತೆಗೆದುಕೊಂಡಿದ್ದರು. ಇದರ ಜೊತೆಗೆ ಜೇಬಿನ ಲೆಕ್ಕವೂ ಇದೆ. ನಗರದೊಳಗೆ ಎರಡು ಕೋಣೆಯ ಫ್ಲ್ಯಾಟಿಗೆ ಕೊಡುವ ದುಡ್ಡಿನಲ್ಲಿ ಅಂಚಿನಲ್ಲಿ ಸ್ವಂತ ನೆಲ, ಅದರ ಮೇಲೊಂದು ಮನೆ, ಹಿತ್ತಿಲಲ್ಲಿ ಕರಿಬೇವು, ಬಾಳೆ ಸಿಗುತ್ತವೆ. ಅದಲ್ಲದೆ ಬೆಂಗಳೂರಿನ ಮಟ್ಟಿಗೆ ಪೇಟೆ ಮತ್ತು ತೋಟ ಎಂದೂ ಬೇರೆ ಬೇರೆಯಾಗಿರಲೇ ಇಲ್ಲ. ಕೆರೆಗಳ ಕೆಳಗೆ ತಿಗಳ ಸಮುದಾಯದವರು ಸೊಪ್ಪು, ತರಕಾರಿ, ಹೂವು ಬೆಳೆದು ಪೇಟೆಗೆ ತಂದು ಮಾರುತ್ತಿದ್ದರು. ಅದೇ ಸಮುದಾಯದ ಕರಗ ಇವತ್ತಿಗೂ ಹಳೇ ಪೇಟೆಯ ಬೀದಿಗಳಲ್ಲಿ ಸಾಗುತ್ತದೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದ ಮೇಲೂ ಆ ನಂಟು ಪೂರ್ತಿ ಅಳಿಸಿಲ್ಲ. ಆದ್ದರಿಂದ ನಗರದಂಚಿನಲ್ಲಿ ಸೈಟು ಹುಡುಕುವವರು ಕೇಳುತ್ತಿರುವುದು ಈ ನಗರದ ಹಳೆಯ ಗುಣವನ್ನೇ. ಆಸೆಯಲ್ಲಿ ದೋಷವಿಲ್ಲ, ಅದನ್ನು ಪೂರೈಸುವ ವಿಧಾನದಲ್ಲಿ ದೋಷವಿದೆ.

ಆ ವಿಧಾನದ ಬಗ್ಗೆ ಗಟ್ಟಿಯಾಗಿ ಯೋಚಿಸಿದವನು ಎಬೆನೀಜರ್ ಹೋವರ್ಡ್. ಅವನು ವಾಸ್ತುಶಿಲ್ಪಿಯೂ ಅಲ್ಲ, ಜಮೀನ್ದಾರನೂ ಅಲ್ಲ. ಬ್ರಿಟಿಷ್ ಸಂಸತ್ತಿನ ಕಲಾಪಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದ ಸಾಮಾನ್ಯ ನೌಕರ. 1898ರಲ್ಲಿ ಅವನು ಬರೆದ ಪುಸ್ತಕದಲ್ಲಿ ಮೂರು ಅಯಸ್ಕಾಂತಗಳ ಪ್ರಸಿದ್ಧ ಚಿತ್ರವಿದೆ: ಪಟ್ಟಣ, ಹಳ್ಳಿ, ಎರಡೂ ಸೇರಿದ ಪಟ್ಟಣ–ಹಳ್ಳಿ. ಆದರೆ ಪುಸ್ತಕದ ತಿರುಳಿರುವುದು ಚಿತ್ರದಲ್ಲಲ್ಲ, ಲೆಕ್ಕದಲ್ಲಿ. 6,000 ಎಕರೆ ಕೃಷಿಭೂಮಿಯನ್ನು ಹೊಲದ ಬೆಲೆಗೆ ಕೊಳ್ಳಬೇಕು, 1,000 ಎಕರೆಯಲ್ಲಿ ಮಾತ್ರ ಊರು ಕಟ್ಟಬೇಕು, ಉಳಿದ 5,000 ಎಕರೆ ಬೇಸಾಯಕ್ಕೇ ಇರಬೇಕು, ಒಟ್ಟು ಜನಸಂಖ್ಯೆ 32,000 ಮೀರಬಾರದು. ಇಡೀ ಜಮೀನು ಒಂದೇ ಟ್ರಸ್ಟಿನ ಕೈಯಲ್ಲಿರಬೇಕು. ಮನೆ ಕಟ್ಟುವವರು, ಕಾರ್ಖಾನೆ ಹಾಕುವವರು, ರೈತರು ಎಲ್ಲರೂ ಅದಕ್ಕೆ ನೆಲಬಾಡಿಗೆ ಕೊಡಬೇಕು. ಜನ ಬಂದು ನೆಲೆಸಿದಂತೆಲ್ಲ ನೆಲದ ಬೆಲೆ ಏರುತ್ತದಲ್ಲ, ಆ ಏರಿಕೆಯನ್ನು ತಂದವರು ಅಲ್ಲಿ ನೆಲೆಸಿದ ಜನರೇ. ಹಾಗಾಗಿ ಸಾಲ ತೀರಿದ ಮೇಲೆ ಉಳಿಯುವ ಹಣ ಊರಿನ ರಸ್ತೆ, ಶಾಲೆ, ವೃದ್ಧರ ಪಿಂಚಣಿಗೆ ಹೋಗಬೇಕು. ಊರು ತುಂಬಿದರೆ ಹೊಲವನ್ನು ಕೊರೆಯುವಂತಿಲ್ಲ. ಹೊಲದಾಚೆ ಇನ್ನೊಂದು ಊರು ಕಟ್ಟಬೇಕು.

ಲೆಚ್‌ವರ್ತ್ ಈ ಲೆಕ್ಕದ ಮೊದಲ ಪ್ರಯೋಗ. ರೇಮಂಡ್ ಅನ್ವಿನ್ ಮತ್ತು ಬ್ಯಾರಿ ಪಾರ್ಕರ್ ನಕ್ಷೆ ಹಾಕಿದರು. ಡೆಂಟ್ ಪ್ರಕಾಶನದ ಮುದ್ರಣಾಲಯ, ಸ್ಪಿರೆಲ್ಲಾ ಕಂಪನಿಯ ಒಳಉಡುಪು ಕಾರ್ಖಾನೆ ಬಂದದ್ದರಿಂದ ಊರಿನಲ್ಲೇ ಕೆಲಸ ಸಿಕ್ಕಿತು. ಕಂಪನಿಯ ಷೇರುದಾರರಿಗೆ ಶೇ 5ಕ್ಕಿಂತ ಹೆಚ್ಚು ಲಾಭಾಂಶ ಕೊಡುವಂತಿರಲಿಲ್ಲ. ಈ ಊರೂ ಕೈತಪ್ಪುವ ಹಂತಕ್ಕೆ ಬಂದಿತ್ತು ಎಂಬುದು ಗಮನಿಸಬೇಕಾದ ಸಂಗತಿ. 1960ರ ಸುಮಾರಿಗೆ ಹೊರಗಿನ ಹೂಡಿಕೆ ಕಂಪನಿಯೊಂದು ಷೇರುಗಳನ್ನು ಕೊಂಡು ಹಿಡಿತ ಸಾಧಿಸಿತು. ಆಸ್ತಿಯನ್ನು ಬಿಡಿಬಿಡಿಯಾಗಿ ಮಾರಿದರೆ ಭಾರಿ ಹಣ ಬರುತ್ತಿತ್ತು. ಊರಿನವರು ಸಂಸತ್ತಿನ ಮೊರೆ ಹೋದರು, 1962ರಲ್ಲಿ ವಿಶೇಷ ಕಾಯ್ದೆಯೇ ಬಂತು, ಆಸ್ತಿ ಸಾರ್ವಜನಿಕ ನಿಗಮಕ್ಕೆ ಸೇರಿತು. 1995ರಿಂದ ಒಂದು ಪ್ರತಿಷ್ಠಾನ ಅದನ್ನು ನೋಡಿಕೊಳ್ಳುತ್ತಿದೆ. ಸುತ್ತಲಿನ ಕೃಷಿಭೂಮಿ ಅದರ ಒಡೆತನದಲ್ಲೇ ಇದೆ, ಬಾಡಿಗೆಯ ಆದಾಯ ಊರಿಗೇ ಖರ್ಚಾಗುತ್ತದೆ. ಮನೆಗಳ ಕೊರತೆಯಿಂದಾಗಿ ಈಗ ಉತ್ತರದಂಚಿನ ಒಂದಷ್ಟು ಹೊಲವನ್ನು ಬಿಟ್ಟುಕೊಡಲು ಅಲ್ಲೂ ತೀರ್ಮಾನವಾಗಿದೆ. ಆದರೆ ಆ ಮಾರಾಟದ ಹಣವೂ ಊರಿನ ಗಂಟಿಗೇ ಸೇರುತ್ತದೆ. ಇಂಗ್ಲೆಂಡಿನಲ್ಲೇ ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಇದೆ. ಮೆಟ್ರೊಪಾಲಿಟನ್ ರೈಲ್ವೆ ಕಂಪನಿ 1915ರಿಂದ ‘ಮೆಟ್ರೊ–ಲ್ಯಾಂಡ್’ ಎಂಬ ಪುಸ್ತಿಕೆಗಳನ್ನು ಹಂಚಿ, ಹೂದೋಟದ ಗುಡಿಸಲುಗಳ ಚಿತ್ರ ತೋರಿಸಿ, ಲಂಡನ್ನಿನ ವಾಯವ್ಯಕ್ಕಿದ್ದ ಹಳ್ಳಿಗಾಡಿಗೆ ಜನರನ್ನು ಕರೆಯಿತು. ಬಂದವರಿಗೆ ಮನೆ ಸಿಕ್ಕಿತು, ಹಳ್ಳಿಗಾಡು ಉಳಿಯಲಿಲ್ಲ. ಒಂದೇ ತಲೆಮಾರಿನಲ್ಲಿ ಮಿಡ್ಲ್‌ಸೆಕ್ಸ್‌ನ ಹೊಲಗಳು ಮನೆಸಾಲುಗಳಾದವು. ದೇಶ ಒಂದೇ, ಜನ ಒಂದೇ, ಕಾಲವೂ ಒಂದೇ. ಬೇರೆಯಾಗಿದ್ದದ್ದು ಜಮೀನಿನ ಒಡೆತನ.

ಇನ್ನು ವೈಟ್‌ಫೀಲ್ಡ್‌ಗೆ ಬರೋಣ. ಮದರಾಸಿನಲ್ಲಿ ಆಂಗ್ಲೋ–ಇಂಡಿಯನ್ನರ ಸಂಘಟನೆ ಕಟ್ಟಿದ್ದ ಡಿ.ಎಸ್. ವೈಟ್ ಹೆಸರನ್ನೇ ಊರಿಗೆ ಇಟ್ಟರು. ನಡುವೆ ದುಂಡನೆಯ ಬಯಲು, ಸುತ್ತ ಒಳವೃತ್ತ, ಅದರಾಚೆ ಹೊರವೃತ್ತ, ತೋಟಗಳ ನಡುವೆ ಮಂಗಳೂರು ಹೆಂಚಿನ ಮನೆಗಳು, ಒಂದು ಪುಟ್ಟ ಚರ್ಚು. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂಬ ಹೆಸರುಗಳು ಇವತ್ತಿಗೂ ಇವೆ. ಸರ್ಕಾರಿ ನೌಕರಿಯನ್ನೇ ನಂಬಿದ್ದ ಸಮುದಾಯ ಬೇಸಾಯದಲ್ಲಿ ತನ್ನ ಕಾಲ ಮೇಲೆ ನಿಲ್ಲಲಿ ಎಂಬುದು ಮೂಲ ಉದ್ದೇಶ. ಬೇಸಾಯ ಅಂದುಕೊಂಡಷ್ಟು ಕೈಹಿಡಿಯಲಿಲ್ಲ, ಊರು ನಿವೃತ್ತರ ನೆಲೆಯಾಯಿತು. ಸ್ವಾತಂತ್ರ್ಯದ ಬಳಿಕ ಅನೇಕ ಕುಟುಂಬಗಳು ಇಂಗ್ಲೆಂಡ್, ಆಸ್ಟ್ರೇಲಿಯಾಗಳಿಗೆ ಹೊರಟುಹೋದವು. ಹಿಡುವಳಿಗಳು ಒಬ್ಬೊಬ್ಬರ ಖಾಸಗಿ ಸ್ವತ್ತಾಗಿ ಕೈಬದಲಾದವು. ಎಲ್ಲರಿಗೂ ಸೇರಿದ ಜಮೀನು, ಎಲ್ಲರಿಗೂ ಸೇರುವ ಬಾಡಿಗೆ ಎಂಬ ಕೊಂಡಿ ಇಲ್ಲಿ ಇರಲಿಲ್ಲ. ಆದರೂ ಒಂದು ಶತಮಾನ ಊರು ಹಸಿರಾಗಿಯೇ ಉಳಿದಿದ್ದಕ್ಕೆ ಕಾರಣ ಕಟ್ಟುಪಾಡಲ್ಲ, ಕಟ್ಟಲು ಯಾರಿಗೂ ತುರ್ತು ಇರಲಿಲ್ಲ ಎಂಬುದಷ್ಟೆ. 1990ರ ದಶಕದಲ್ಲಿ ಐಟಿಪಿಎಲ್ ಎಂಬ ಐಟಿ ಪಾರ್ಕ್ ಬಂದ ಕೂಡಲೇ ಆ ತುರ್ತು ಬಂತು. ನೇರಳೆ ಮಾರ್ಗದ ಮೆಟ್ರೊ ಅಲ್ಲಿಗೆ ತಲುಪಿದ್ದು 2023ರ ಮಾರ್ಚಿನಲ್ಲಿ, ಅಂದರೆ ಹೊಲಗಳೆಲ್ಲ ಮುಗಿದ ಎಷ್ಟೋ ವರ್ಷಗಳ ಮೇಲೆ.

ಹೊಲ ಸೈಟಾಗುವ ಬಗೆಯನ್ನು ಹತ್ತಿರದಿಂದ ನೋಡಿದರೆ ಇದರ ವೇಗ ಅರ್ಥವಾಗುತ್ತದೆ. ಒಂದು ಎಕರೆ ಎಂದರೆ 40 ಗುಂಟೆ, ಅಂದರೆ 43,560 ಚದರ ಅಡಿ. ರಸ್ತೆ, ಚರಂಡಿ, ಪಾರ್ಕಿಗೆಂದು ಶೇ 45ರಷ್ಟು ಬಿಟ್ಟರೂ 30×40 ಅಳತೆಯ ಇಪ್ಪತ್ತು ಸೈಟುಗಳಾಗುತ್ತವೆ. ರೈತ ಮಾರುವುದು ಎಕರೆ ಲೆಕ್ಕದಲ್ಲಿ, ಕೊಳ್ಳುವವನು ಕೊಡುವುದು ಚದರ ಅಡಿಯ ಲೆಕ್ಕದಲ್ಲಿ. ನಡುವಿನ ಅಂತರವೇ ದಂಧೆಯ ಲಾಭ. ಭೂಪರಿವರ್ತನೆಯನ್ನೇ ಮಾಡಿಸದ ಕಂದಾಯ ನಿವೇಶನವಾದರೆ ಪಾರ್ಕೂ ಇಲ್ಲ, ರಸ್ತೆಯ ಅಗಲವೂ ಇಲ್ಲ, ಲಾಭ ಇನ್ನೂ ಹೆಚ್ಚು. ಮೊದಲು ಒಂದು ಹೊಲದಲ್ಲಿ ರಾಗಿ ಬಿತ್ತನೆ ನಿಲ್ಲುತ್ತದೆ, ಜೆಸಿಬಿ ಬಂದು ಬದು ಸಮ ಮಾಡುತ್ತದೆ, ಸುಣ್ಣ ಬಳಿದ ಕಲ್ಲುಗಳು ಸಾಲಾಗಿ ಏಳುತ್ತವೆ, ರಸ್ತೆ ಬದಿಗೆ ಕಮಾನು ನಿಲ್ಲುತ್ತದೆ. ಆಗ ಪಕ್ಕದ ರೈತನ ಕಷ್ಟ ಶುರು. ದನ ಹೊಡೆದುಕೊಂಡು ಹೋಗುತ್ತಿದ್ದ ದಾರಿಗೆ ಬೇಲಿ ಬೀಳುತ್ತದೆ, ನೀರು ಹರಿಯುತ್ತಿದ್ದ ಕಾಲುವೆ ಮುಚ್ಚುತ್ತದೆ, ಬಡಾವಣೆಯ ಆಳದ ಕೊಳವೆಬಾವಿ ಅವನ ಬಾವಿಯನ್ನು ಒಣಗಿಸುತ್ತದೆ, ಕೂಲಿಯಾಳುಗಳು ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಅವನೂ ಎರಡು ವರ್ಷ ತಡೆದುಕೊಂಡು ಮಾರುತ್ತಾನೆ. ಹೊಲ ಕಾಣಲಿ ಎಂದು ಮೊದಲು ಮನೆ ಕಟ್ಟಿದವರ ಕಿಟಕಿಗೆ ಎರಡನೆಯ ಬಡಾವಣೆಯ ಗೋಡೆ ಅಡ್ಡ ಬರುತ್ತದೆ. ಇದರಲ್ಲಿ ಯಾರದೂ ದುರುದ್ದೇಶವಿಲ್ಲ. ಪ್ರತಿಯೊಬ್ಬರೂ ತಾವು ಕೊಂಡದ್ದು ಹೊಲದ ನೋಟ ಎಂದುಕೊಂಡಿರುತ್ತಾರೆ. ಕ್ರಯಪತ್ರದಲ್ಲಿ ಇರುವುದು 1,200 ಚದರ ಅಡಿ ಮಾತ್ರ.

ನೋಟದ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ಆಸ್ತಿಯೂ ಹೋಗುತ್ತದೆ, ಅದು ನೀರು. ಹೊಲ ಮಳೆನೀರನ್ನು ಇಂಗಿಸಿಕೊಳ್ಳುತ್ತದೆ, ಹೆಚ್ಚಾದದ್ದನ್ನು ರಾಜಕಾಲುವೆಯ ಮೂಲಕ ಕೆರೆಯಿಂದ ಕೆರೆಗೆ ಕಳಿಸುತ್ತದೆ. ಅದೇ ಜಾಗದಲ್ಲಿ ಕಾಂಕ್ರೀಟು ಬಿದ್ದರೆ ಮಳೆಗಾಲದಲ್ಲಿ ನೆರೆ, ಬೇಸಿಗೆಯಲ್ಲಿ ಬರ. ಬೆಳ್ಳಂದೂರು ಕೆರೆಯ ಕೆಳಗಿರುವ ವರ್ತೂರು ಕೆರೆ ನೊರೆ ಉಕ್ಕಿಸಿದ್ದನ್ನು ಇಡೀ ದೇಶ ನೋಡಿತು. 2007ರಲ್ಲಿ ಬಿಬಿಎಂಪಿ ರಚನೆಯಾದಾಗ ಏಳು ನಗರಸಭೆ, ಒಂದು ಪುರಸಭೆಯ ಜೊತೆ 110 ಹಳ್ಳಿಗಳು ನಗರಕ್ಕೆ ಸೇರಿದವು. ಆ ಹಳ್ಳಿಗಳಿಗಾಗಿಯೇ ರೂಪಿಸಿದ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ 17 ವರ್ಷ ಅಲ್ಲಿನ ಬಹುಪಾಲು ಬಡಾವಣೆಗಳು ಕೊಳವೆಬಾವಿ ಮತ್ತು ಟ್ಯಾಂಕರ್ ನಂಬಿ ಬದುಕಿದವು. ಅದೇ 2024ರ ಬೇಸಿಗೆಯಲ್ಲಿ ಆ ನಂಬಿಕೆಯೂ ಕೈಕೊಟ್ಟಿತು. ಹಳ್ಳಿಯ ಸುಖವೂ ಇಲ್ಲ, ಪೇಟೆಯ ಸೌಕರ್ಯವೂ ಇಲ್ಲ ಎಂಬಂಥ ಮಧ್ಯಂತರ ಸ್ಥಿತಿ ಇದು. ಹೋವರ್ಡ್ ಎರಡರ ಒಳ್ಳೆಯದನ್ನು ಸೇರಿಸಲು ಹೊರಟಿದ್ದ, ನಾವು ಎರಡರ ಕೊರತೆಗಳನ್ನು ಸೇರಿಸಿದೆವು.

ಇದನ್ನು ತಡೆಯಲು ಕಾನೂನಿನ ಹಸಿರು ಪಟ್ಟಿ ಸಾಲದೆ ಎಂದು ಕೇಳಬಹುದು. ಬೆಂಗಳೂರಿನ ನಕ್ಷೆಯಲ್ಲಿ ಹಸಿರು ಪಟ್ಟಿ ದಶಕಗಳಿಂದ ಇದೆ. 1984ರ ಸಮಗ್ರ ಅಭಿವೃದ್ಧಿ ಯೋಜನೆಯಲ್ಲೂ ಇತ್ತು. ನಂತರದ ಪರಿಷ್ಕರಣೆಗಳಲ್ಲಿ ಅದರ ಗೆರೆ ಹಿಂದೆ ಸರಿಯುತ್ತಲೇ ಹೋಯಿತು. ಗೆರೆಯ ಒಳಗೆ ಎಕರೆಗೆ ಒಂದು ಬೆಲೆ, ಹೊರಗೆ ಇನ್ನೊಂದು ಬೆಲೆ ಇದ್ದಾಗ, ಗೆರೆಯನ್ನು ಸರಿಸುವ ಒತ್ತಡ ಎಂದಿಗೂ ನಿಲ್ಲುವುದಿಲ್ಲ. ಮೊದಲು ಕಟ್ಟಿ ಆಮೇಲೆ ಅಕ್ರಮ–ಸಕ್ರಮಕ್ಕೆ ಕಾಯುವ ರೂಢಿ ಬೆಳೆದದ್ದೂ ಇದರಿಂದಲೇ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದು, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಅವಕಾಶ ಕೊಟ್ಟ ಮೇಲೆ ‘ಫಾರ್ಮ್‌ ಪ್ಲಾಟ್’ ಹೆಸರಿನ ಮಾರಾಟ ಇನ್ನಷ್ಟು ದೂರದ ತಾಲ್ಲೂಕುಗಳಿಗೆ ಹಬ್ಬಿದೆ. ಲಂಡನ್ನಿನ ಅನುಭವ ಇಲ್ಲಿ ಪಾಠ ಹೇಳುತ್ತದೆ. ಅಲ್ಲಿನ 1938ರ ಹಸಿರು ಪಟ್ಟಿ ಕಾಯ್ದೆ ನಕ್ಷೆಗೆ ಬಣ್ಣ ಬಳಿದು ಸುಮ್ಮನಾಗಲಿಲ್ಲ, ನಗರದ ಸುತ್ತ ಜಮೀನು ಕೊಂಡು ಬಯಲಾಗಿಯೇ ಉಳಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿತು. ಬೇಡವೆನ್ನುವ ಕಾನೂನಿಗಿಂತ ಕೈಯಲ್ಲಿರುವ ಒಡೆತನ ಗಟ್ಟಿ.

ಇದಕ್ಕಿಂತ ಗಂಭೀರವಾದ ಆಕ್ಷೇಪ ರೈತನ ಕಡೆಯದು. ಪೇಟೆಯವರ ಕಣ್ಣಿಗೆ ತಂಪಾಗಲೆಂದು ಅವನು ನಷ್ಟದ ಬೇಸಾಯ ಮಾಡಿಕೊಂಡೇ ಇರಬೇಕೆ? ಮಗಳ ಮದುವೆಗೆ, ಮಗನ ಓದಿಗೆ ಜಮೀನು ಮಾರುವ ಹಕ್ಕು ಅವನಿಗಿಲ್ಲವೆ? ಖಂಡಿತ ಇದೆ. ಪರಿಹಾರವಿಲ್ಲದ ಹಸಿರು ಪಟ್ಟಿ ರೈತನ ಜೇಬಿನಿಂದ ನಗರಕ್ಕೆ ಕೊಡಿಸುವ ದಾನ. ಅದಕ್ಕಾಗಿಯೇ ಬೆಲೆ ಏರಿಕೆಯ ಪಾಲಿನ ಪ್ರಶ್ನೆ ಮುಖ್ಯ. ಪುಣೆಯ ಹಡಪ್ಸರ್ ಬಳಿ ನೂರಕ್ಕೂ ಹೆಚ್ಚು ರೈತ ಕುಟುಂಬಗಳು ನಾನೂರಕ್ಕೂ ಹೆಚ್ಚು ಎಕರೆಯನ್ನು ಒಟ್ಟುಗೂಡಿಸಿ, ತಾವೇ ಷೇರುದಾರರಾಗಿ ಮಗರಪಟ್ಟಾ ಎಂಬ ನಗರ ಕಟ್ಟಿಕೊಂಡರು. ಅದು ಹೊಲ ಉಳಿಸಿದ ಪ್ರಯೋಗವಲ್ಲ, ನಿಜ. ಆದರೆ ರೈತರು ಒಟ್ಟಾಗಿ ಜಮೀನಿನ ಏರಿಕೆಯನ್ನು ತಮ್ಮಲ್ಲೇ ಉಳಿಸಿಕೊಳ್ಳಬಹುದು ಎಂಬುದನ್ನು ತೋರಿಸಿಕೊಟ್ಟಿತು. ಹತ್ತು ರೈತರ ಜಮೀನು ಕೂಡಿ, ಮೂರರ ಒಂದು ಪಾಲಿನಲ್ಲಿ ಮನೆ ಬಂದು, ಆ ಹಣದಲ್ಲಿ ಹತ್ತೂ ಮಂದಿಗೆ ಪಾಲು ಸಿಕ್ಕು, ಉಳಿದ ಎರಡು ಪಾಲು ಬೇಸಾಯಕ್ಕೇ ಇರುವಂತೆ ನಿಯಮ ರೂಪಿಸುವುದು ಅಸಾಧ್ಯವೇನಲ್ಲ. ಇನ್ನು, ಎಲ್ಲ ರೈತರೂ ಮಾರಲು ಕಾದು ಕುಳಿತಿದ್ದಾರೆ ಎಂಬುದೂ ಸುಳ್ಳು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆಯ ಸ್ವಾಧೀನದ ವಿರುದ್ಧ ಮೂರು ವರ್ಷಕ್ಕೂ ಮೇಲ್ಪಟ್ಟು ಹೋರಾಡಿದರು. 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ದೇವನಹಳ್ಳಿಯ ಚಕ್ಕೋತಕ್ಕೆ, ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಪೇಟೆ ಪಕ್ಕದಲ್ಲೇ ಇರುವಾಗ ಹಣ್ಣು, ಸೊಪ್ಪು, ಹೂವು, ಹಾಲು ಬದುಕು ಕೊಡಬಲ್ಲ ಬೆಳೆಗಳೇ.

ಮತ್ತೊಂದು ಆಕ್ಷೇಪ: ನಗರ ಬೆಳೆಯುತ್ತಿದೆ, ಜನ ಎಲ್ಲಿ ಇರಬೇಕು? 1951ರಲ್ಲಿ ಎಂಟು ಲಕ್ಷದೊಳಗಿದ್ದ ಬೆಂಗಳೂರಿನ ಜನಸಂಖ್ಯೆ 2011ರಲ್ಲಿ 84 ಲಕ್ಷ ದಾಟಿತ್ತು. ಸುತ್ತ ಹೊಲ ಉಳಿಸಿ ಎಂದರೆ ಮನೆಗಳ ಬೆಲೆ ಏರಿ ಬಡವರು ಹೊರಗುಳಿಯುತ್ತಾರೆ ಎಂಬ ಮಾತಿನಲ್ಲಿ ಸತ್ಯವಿದೆ. ಲಂಡನ್ನಿನಲ್ಲಿ ಹಸಿರು ಪಟ್ಟಿಯ ಮೇಲೆ ಇದೇ ದೂರಿದೆ. ಆದರೆ ಎಲ್ಲವನ್ನೂ ಸೈಟು ಮಾಡುವುದರಿಂದ ಬಡವರಿಗೆ ಮನೆ ಸಿಕ್ಕಿದ್ದರೆ ಈ ವಾದ ಗೆಲ್ಲುತ್ತಿತ್ತು. ಹೊರವಲಯದಲ್ಲಿ ಕಂಬಿ ಬೇಲಿಯೊಳಗೆ ವರ್ಷಗಟ್ಟಲೆ ಪಾರ್ಥೇನಿಯಂ ಬೆಳೆದು ನಿಂತ ಖಾಲಿ ಸೈಟುಗಳು ಇರುವುದು ಉಳಿತಾಯದ ಗಂಟಾಗಿ, ವಾಸಕ್ಕಲ್ಲ. ಹೋವರ್ಡ್ ಕೊಟ್ಟ ಉತ್ತರ ಇಲ್ಲಿಗೂ ಹೊಂದುತ್ತದೆ: ಇರುವ ಊರಿನ ಅಂಚನ್ನು ಸವೆಸುತ್ತ ಹೋಗುವ ಬದಲು, ರೈಲು ನಿಲ್ದಾಣದ ಸುತ್ತ ಒತ್ತಾಗಿ ಕಟ್ಟಿ, ನಡುವೆ ಹೊಲ ಬಿಟ್ಟು, ಮುಂದಿನ ನಿಲ್ದಾಣದಲ್ಲಿ ಮತ್ತೆ ಕಟ್ಟಬೇಕು. ದೊಡ್ಡಬಳ್ಳಾಪುರ, ಬಂಗಾರಪೇಟೆ, ತುಮಕೂರು, ರಾಮನಗರಗಳಿಗೆ ಹಳಿ ಈಗಾಗಲೇ ಇದೆ.

ನಗರದಂಚಿನಲ್ಲಿ ಮನೆ ಮಾಡಬೇಕೆಂದಿರುವವರು ಖಾತೆ, ಪಹಣಿ, ಭೂಪರಿವರ್ತನೆ ಆದೇಶಗಳನ್ನು ನೋಡುತ್ತಾರೆ, ನೋಡಲೇಬೇಕು. ಅದರ ಜೊತೆಗೆ ಕಾಂಪೌಂಡಿನ ಹೊರಗಿನ ಸರ್ವೆ ನಂಬರುಗಳನ್ನೂ ವಿಚಾರಿಸಲಿ: ಆ ಹೊಲ ಯಾರದು, ನಕ್ಷೆಯಲ್ಲಿ ಯಾವ ವಲಯದಲ್ಲಿದೆ, ಕಾಲುವೆ ಎಲ್ಲಿ ಹರಿಯುತ್ತಿತ್ತು, ಗೋಮಾಳ ಎಷ್ಟು ಉಳಿದಿದೆ. ಮನೆ ಕಟ್ಟಿದ ಮೇಲೆ ಗೇಟು ಹಾಕಿಕೊಂಡು ಕೂರದೆ ಗ್ರಾಮಸಭೆಗೆ ಹೋಗಲಿ. ಸೊಪ್ಪು, ಹಾಲನ್ನು ಆ್ಯಪ್‌ನಲ್ಲಿ ತರಿಸುವ ಬದಲು ಪಕ್ಕದ ಹೊಲದವರಿಂದ ಕೊಳ್ಳಲಿ. ಯೋಜನಾ ಪ್ರಾಧಿಕಾರ ಆಕ್ಷೇಪಣೆ ಕರೆದಾಗ ರೈತರ ಜೊತೆ ಸೇರಿ ಅರ್ಜಿ ಹಾಕಲಿ. ಪಕ್ಕದವರ ಬೇಸಾಯ ಲಾಭದಲ್ಲಿದ್ದಷ್ಟು ದಿನ ಮಾತ್ರ ನಿಮ್ಮ ಕಿಟಕಿಯಲ್ಲಿ ಹೊಲ ಕಾಣುತ್ತದೆ.